ಗೆರೆ ಮುರಿಯುವ ಜಾಗ

"ಇದು ಸುಳ್ಳು ಹೇಳುತ್ತಾ?"

ಗಾಜಿನ ಪೆಟ್ಟಿಗೆಯೊಳಗಿದ್ದ, ಓಡಿದ ದಾರಿ ಗುರುತು ಹಾಕುವ ಓಟದ ಗಡಿಯಾರಕ್ಕೆ ಬೆರಳು ತೋರಿಸಿ ಅವನು ಕೇಳಿದ. ಗಡ್ಡದಲ್ಲಿ ಇನ್ನೂ ಹಿಮವಿತ್ತು, ಕೈಯಲ್ಲಿ ಟಾರಿನ ವಾಸನೆ.

ಉತ್ತರದ ಹಿಮನಾಡಿನ ಔಲು ಪಟ್ಟಣದ ಆ ಅಂಗಡಿಯಲ್ಲಿ ಒಂಬತ್ತು ವರ್ಷದಿಂದ ಗಡಿಯಾರ ಮಾರುತ್ತಿದ್ದ ಹೆಲ್ಯಾಳನ್ನು ಯಾರೂ ಹೀಗೆ ಕೇಳಿರಲಿಲ್ಲ.

"ದಟ್ಟ ಕಾಡಲ್ಲಿ ಹತ್ತು ಮೀಟರ್ ಆಚೀಚೆ ತೋರಿಸುತ್ತೆ. ಅಷ್ಟು ಸುಳ್ಳು ಎಲ್ಲರೂ ಹೇಳ್ತಾರೆ ಬಿಡಿ."

ಅವನು ನಕ್ಕ. ಅಯ್ಯೋ... ಆ ನಗು! ಹೆಲ್ಯಾ ಸೋತೇ ಹೋದಳು.

ಹೆಸರು ತಾರ್ಮೊ. ಪಿಕಿಸಾರಿ ದ್ವೀಪದಲ್ಲಿ ಮರದ ದೋಣಿ ರಿಪೇರಿ ಮಾಡುವವನು.

"ಫೋನ್ ಮನೇಲಿಟ್ಟು ಹೋದ್ರೂ ದಾರಿ ಗುರುತು ಹಾಕುತ್ತಾ?"

"ಹಾಕುತ್ತೆ. ಉಪಗ್ರಹ ಕಂಡ್ರೆ ಸಾಕು."

"ಮೈನಸ್ ಇಪ್ಪತ್ತು ಡಿಗ್ರಿ ಚಳೀಲಿ ಬ್ಯಾಟರಿ?"

"ಬೇಗ ಇಳಿಯುತ್ತೆ. ಕೋಟಿನ ತೋಳಿನೊಳಗೆ ಬೆಚ್ಚಗಿಡಿ."

"ಸೂರಿನ ಕೆಳಗೆ?"

"ಅಲ್ಲಿ ಉಪಗ್ರಹ ಸಿಗಲ್ಲ."

"ಕೂಟಕ್ಕೆ ಸೇರಿದ್ರೆ ನಾನು ಓಡಿದ ದಾರಿ ನಿಮ್ಮ ಅಂಗಡಿಯ ಓಟದ ಕೂಟದವರಿಗೆಲ್ಲ ಫೋನಲ್ಲಿ ಕಾಣಿಸುತ್ತಂತೆ?"

"ಫೋನಿನ ನಕ್ಷೆಯಲ್ಲಿ ಮನೆ ಸುತ್ತ ಒಂದು ವೃತ್ತ ಹಾಕಿಬಿಡಿ. ಅದರೊಳಗೆ ನೀವು ಓಡಿದ ದಾರಿಯ ಗೆರೆ ಯಾರಿಗೂ ಕಾಣಿಸಲ್ಲ."

ಅವನು ಗಡಿಯಾರ ಕೊಂಡ, ಕೂಟಕ್ಕೂ ಸೇರಿದ. ಬುದ್ಧಿ ಹೇಳಿದವಳೇ ಬುದ್ಧಿ ಕಳೆದುಕೊಂಡಳು ನೋಡಿ!

ಜನವರಿಯ ಆ ದಿನದಿಂದ ಪ್ರತಿ ಸಂಜೆ ಹೆಲ್ಯಾಳ ಓಟ ಸೇತುವೆ ದಾಟಿ ಪಿಕಿಸಾರಿಯತ್ತಲೇ. ಅವನು ದೋಣಿ ರಿಪೇರಿ ಮಾಡುವ ದೋಣಿಮನೆಯ ಕಿಟಕಿಯಲ್ಲಿ ಹಳದಿ ಬೆಳಕು. ಒಳಗೆ ಹಲಗೆಯ ಮೇಲೆ ಬಾಗಿದ ಬೆನ್ನು. ಅವಳು ನಿಲ್ಲುತ್ತಿರಲಿಲ್ಲ. ಎಂಟು ಹೆಜ್ಜೆಯಲ್ಲಿ ಆ ಕಿಟಕಿ ದಾಟಿಹೋಗುತ್ತಿತ್ತು. ಆ ಎಂಟು ಹೆಜ್ಜೆಗಾಗಿ ಅವಳು ಇಡೀ ದಿನ ಕಾಯುತ್ತಿದ್ದಳು.

ಆದರೆ ಕೂಟದವರ ಕಣ್ಣು? ಅದರಲ್ಲೂ ಅಂಗಡಿಯ ಜೊತೆಗಾತಿ ಸಿರ್ಪಾಳದು ಹದ್ದಿನ ಕಣ್ಣು. ಅದಕ್ಕೇ ಹೆಲ್ಯಾ ನಕ್ಷೆಯಲ್ಲಿ ವೃತ್ತ ಹಾಕಿದಳು. ತನ್ನ ಮನೆಯ ಸುತ್ತಲಲ್ಲ... ಅವನ ದೋಣಿಮನೆಯ ಸುತ್ತ! ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ಮಾರ್ಚ್ ತಿಂಗಳಲ್ಲಿ ತಾರ್ಮೊ ಮತ್ತೆ ಬಂದ.

"ತೆಳ್ಳಗಿನ ಕೈಗೆ ಯಾವುದು ಸರಿಹೋಗುತ್ತೆ? ಹೆಂಗಸರ ಕೈ."

ಹೆಲ್ಯಾ ಮನಸ್ಸಿನಲ್ಲೇ ಅಂದುಕೊಂಡಳು. 'ಅವನಿಗೊಬ್ಬಳು ಇದ್ದಾಳೆ... ಇರದೇ ಇರುತ್ತಾಳಾ?'

"ಇದು ಹಗುರ," ಎಂದು ಒಂದು ಗಡಿಯಾರ ತೆಗೆದಿಟ್ಟಳು. ಅವನು ಏನೋ ಹೇಳಲು ಬಾಯಿ ತೆರೆದ. ಅವಳು ಆಗಲೇ ಮುಂದಿನ ಗಿರಾಕಿಯ ಕಡೆ ತಿರುಗಿದ್ದಳು.

ಆ ಸಂಜೆಯಿಂದ ಅವಳು ನದಿಯ ಮೇಲ್ದಂಡೆಯತ್ತ ಓಡಿದಳು. ಕಾಲು ಅತ್ತ ಹೋದರೂ ಮನಸ್ಸು ಸೇತುವೆಯ ಹತ್ತಿರವೇ ಉಳಿಯುತ್ತಿತ್ತು. 'ಈಗ ದೀಪ ಹಚ್ಚಿರುತ್ತಾನೆ... ಈಗ ಕಾಫಿ ಕಾಸುತ್ತಿರುತ್ತಾನೆ... ಅವಳೂ ಇರುತ್ತಾಳಾ?' ಹದಿನಾರು ದಿನ ಹೀಗೇ ಕಳೆಯಿತು.

ಹದಿನೇಳನೆಯ ದಿನ ಅವನು ಗಡಿಯಾರ ಬಿಚ್ಚಿ ಅವಳೆದುರು ಇಟ್ಟ.

"ಒಂದು ದೂರಿದೆ."

"ಏನಾಗಿದೆ?"

"ನಮ್ಮ ಕೂಟದಲ್ಲಿ ಒಬ್ಬರ ಗೆರೆ ದಿನಾ ಸಂಜೆ ನನ್ನ ದೋಣಿಮನೆ ಮುಂದೆ ಮುರೀತಿತ್ತು. ಆಚೆ ಹೋಗಿ ಮತ್ತೆ ಶುರು. ನಕ್ಷೆಯಲ್ಲಿ ನನ್ನ ಮನೆ ಇದ್ದ ಕಡೆ ಒಂದು ತೂತು!"

ಹೆಲ್ಯಾಳ ಕಿವಿ ಕೆಂಪಾಯಿತು. ಒಂಬತ್ತು ವರ್ಷ ಊರಿಗೆಲ್ಲ ವೃತ್ತ ಹಾಕಿಕೊಟ್ಟವಳಿಗೆ, ಮುಚ್ಚಿಟ್ಟ ಜಾಗವೇ ಎದ್ದು ಕಾಣುತ್ತದೆಂದು ಹೊಳೆದಿರಲಿಲ್ಲ!

"ಹದಿನಾರು ದಿನದಿಂದ ಗೆರೆ ಮುರೀತಿಲ್ಲ," ಅವನ ದನಿ ತಗ್ಗಿತು. "ಆ ಹೊತ್ತಿಗೆ ಸರಿಯಾಗಿ ಕಿಟಕಿ ಹತ್ತಿರ ಕೆಲಸ ಇಟ್ಕೊಂಡು ಕೂತಿರ್ತೀನಿ. ಯಾರೂ ಬರಲ್ಲ. ತಪ್ಪು ಗಡಿಯಾರದ್ದಾ... ನನ್ನದಾ?"

"ಆ ತೆಳ್ಳಗಿನ ಕೈ..." ಎಂದಳು ಅವಳು.

"ನನ್ನ ಅಕ್ಕಂದು! ಕೈಸು ಅಂತ ಹೆಸರು. ಹೃದಯದ ಆಪರೇಷನ್ ಆಗಿದೆ. ದಿನಾ ನಡೀಬೇಕು ಅಂದಿದ್ದಾರೆ ಡಾಕ್ಟರು. ಅವತ್ತೇ ಹೇಳೋಕೆ ಹೊರಟಿದ್ದೆ, ನೀವು ಕೇಳಿಸ್ಕೊಂಡ್ರೆ ತಾನೆ?"

ಶೂ ಜೋಡಿಸುತ್ತಿದ್ದ ಸಿರ್ಪಾಗೆ ತಡೆಯಲಾಗಲಿಲ್ಲ. "ಬೇಗ ಉತ್ತರ ಕೊಡೇ ಮಾರಾಯ್ತಿ! ಆ ತೂತು ನೋಡಿ ನೋಡಿ ಇಡೀ ಕೂಟಕ್ಕೆ ಸಾಕಾಗಿದೆ."

ಹೆಲ್ಯಾ ಫೋನ್ ತೆಗೆದಳು. ಅವನು ನೋಡುತ್ತಿದ್ದಂತೆಯೇ ವೃತ್ತವನ್ನು ಅಳಿಸಿದಳು. ಜನವರಿಯಿಂದ ಓಡಿದ ಗೆರೆಗಳೆಲ್ಲ ಅವನ ಕಿಟಕಿಯ ಮುಂದೆ ಒಂದಕ್ಕೊಂದು ಸೇರಿಕೊಂಡವು. ಅವಳ ಕಣ್ಣು ತುಂಬಿತು.

"ತಪ್ಪು ನನ್ನದು," ಎಂದಳು. "ನೀವು ಅಂದ್ರೆ ನಂಗೆ ತುಂಬಾ ಇಷ್ಟ. ಎಲ್ಲರೂ ನೋಡ್ಲಿ."

ತಾರ್ಮೊ ಅವಳ ಕೈಯನ್ನು ಮೆಲ್ಲನೆ ಹಿಡಿದ.

"ಸಂಜೆ ಬರ್ತೀಯಾ?"

ಮೊದಲ ಸಲ ಅವನು 'ನೀವು' ಬಿಟ್ಟಿದ್ದ.

"ಬರ್ತೀನಿ. ಇವತ್ತು ಓಡಿಹೋಗಲ್ಲ... ನಿನ್ನ ಬಾಗಿಲಲ್ಲೇ ನಿಲ್ತೀನಿ."

"ಬಾಗಿಲಲ್ಲಿ ಯಾಕೆ? ಒಳಗೆ ಬಾ. ಕಾಫಿ ಕಾಸಿರ್ತೀನಿ."

"ಒಳಗೆ ಬಂದ್ರೆ ಗಡಿಯಾರಕ್ಕೆ ನಾನೆಲ್ಲಿದ್ದೀನಿ ಅಂತ ಗೊತ್ತಾಗಲ್ಲ."

"ನಂಗೆ ಗೊತ್ತಿರುತ್ತಲ್ಲ... ಸಾಲ್ದಾ?"