ಕರಿಬಂಡೆಯಲ್ಲಿ ಬಿಟ್ಟುಹೋದ ಮಾತು

ಬಹಳ ಹಿಂದೆ, ಏಳು ಸಮುದ್ರದಾಚೆ, ಬೆಂಕಿ ಉಗುಳುವ ಬೆಟ್ಟಗಳೂ ಹಿಮವೂ ಒಟ್ಟಿಗೇ ಇದ್ದ ಒಂದು ದ್ವೀಪವಿತ್ತು. ಅಲ್ಲಿ ರಾಜನಿರಲಿಲ್ಲ, ಬರೆದಿಟ್ಟ ಓಲೆಯೂ ಇರಲಿಲ್ಲ. ನಾಡಿನ ಕಟ್ಟಳೆಗಳೆಲ್ಲ ಕೇತಿಲ್ ಎಂಬ ಮುದುಕನ ಬಾಯಲ್ಲಿದ್ದವು. ಪ್ರತಿ ಬೇಸಿಗೆ ಅವನು ಕರಿಬಂಡೆಯ ಮೇಲೆ ನಿಂತು ಹೇಳುತ್ತಿದ್ದ, ಕೆಳಗಿನ ಬಯಲಿನಲ್ಲಿ ಜನ ಕೇಳುತ್ತಿದ್ದರು. ಯಾವುದಾದರೂ ಕಟ್ಟಳೆ ಮೂರು ಬೇಸಿಗೆ ಬಿಟ್ಟುಹೋಗಿ, ಯಾರೂ ಎತ್ತಿ ಕೇಳದಿದ್ದರೆ ಅದು ಸತ್ತಂತೆ. ಮೌನವೇ ಸಮ್ಮತಿ ಎಂದು ನಂಬಿದವರು. ಪಾಪ, ಆ ನಂಬಿಕೆಯೇ ಅವರಿಗೆ ಮುಳುವಾಯಿತು.

ಒಂದು ದಿನ ಹಡಗಿನಲ್ಲಿ ಒಬ್ಬ ಮಾಯಾವಿ ಬಂದು ದಡದಲ್ಲಿ ಅಂಗಡಿ ಹಾಕಿದ. ದ್ವೀಪದ ಮೀನೆಲ್ಲ ತನಗೊಬ್ಬನಿಗೇ, ತಾನು ಹೇಳಿದ ಬೆಲೆಗೇ ಸಿಗಬೇಕೆಂಬ ದುರಾಸೆ ಅವನಿಗೆ. ಅಡ್ಡವಿದ್ದದ್ದು ಒಂದೇ ಕಟ್ಟಳೆ: "ಬಲೆ ಎಳೆದವರದೇ ಮೀನು. ಬೇಕಾದವರಿಗೆ ಮಾರಲಿ." ಮಾಯಾವಿ ಆ ಮಾತನ್ನು ಮುದುಕನ ನೆನಪಿನಿಂದ ಕಿತ್ತು, ಅವನ ಉಸಿರಿಗೇ ಗಂಟು ಹಾಕಿದ.

ಮೊದಲ ಬೇಸಿಗೆ ಆ ಮಾತು ಬಿಟ್ಟುಹೋಯಿತು. ಜನ ಮಾಯಾವಿ ಹಂಚಿದ ರೊಟ್ಟಿ ತಿನ್ನುತ್ತಿದ್ದರು. ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೂ ಒಂದಿರಲಿ. ಕಟ್ಟಳೆ ಯಾರಿಗೆ ಬೇಕು?

ಎರಡನೆಯ ಬೇಸಿಗೆ ಮತ್ತೆ ಬಿಟ್ಟುಹೋಯಿತು. ಕೇತಿಲನ ಮಗಳು ಅಸ್ದಿಸ್‌ಗೆ ಮಾತ್ರ ಅದು ಗೊತ್ತಾಯಿತು. ಅವಳು ಬಾಯಿ ತೆರೆಯುವಷ್ಟರಲ್ಲಿ ಮಾಯಾವಿ ಕಿವಿಯಲ್ಲಿ ಹೇಳಿದ: "ಆ ಮಾತು ಯಾರ ಬಾಯಿಂದ ಬಂದರೂ ನಿಮ್ಮಪ್ಪನ ಪ್ರಾಣ ಹೋಗುತ್ತದೆ ತಾಯಿ. ನೋಡಿಕೋ."

ಅಸ್ದಿಸ್ ಸುಮ್ಮನಾದಳು. ನಾವಾದರೂ ಅಷ್ಟೇ ತಾನೆ? ಕಟ್ಟಳೆಯ ಬಲ ಕುಗ್ಗಿತು, ಮಾಯಾವಿಯ ಬಲ ಹೆಚ್ಚಿತು. ತನಗಲ್ಲದೆ ಬೇರೆಯವರಿಗೆ ಮೀನು ಮಾರಿದವರು ಕಲ್ಲಾಗಲಿ ಎಂದು ಅವನು ಮಾಟ ಹಾಕಿದ. ಆ ಚಳಿಗಾಲ ಅವಳ ಗಂಡ ಹಾಲ್ವರ್ ಹಸಿವು ತಾಳದೆ ಹತ್ತು ಮೀನನ್ನು ಬೇರೆ ಹಡಗಿಗೆ ಮಾರಿದ, ನಿಂತಲ್ಲೇ ಕಲ್ಲಾದ. ಅವನ ಹಾಗೇ ಇಪ್ಪತ್ತು ಮಂದಿ ದಡದಲ್ಲಿ ಕಲ್ಲಾಗಿ ನಿಂತರು.

"ಇನ್ನೊಂದು ಬೇಸಿಗೆ ಕಳೆಯಲಿ, ಇವರೆಲ್ಲ ಎಂದೆಂದಿಗೂ ಕಲ್ಲೇ" ಎಂದು ಮಾಯಾವಿ ನಕ್ಕ.

ಮೂರನೆಯ ಬೇಸಿಗೆ ಬಂತು. ಕೇತಿಲ್ ಕಟ್ಟಳೆ ಹೇಳುತ್ತಾ ಹೇಳುತ್ತಾ ತಡವರಿಸಿದ.

"ಇಲ್ಲಿ ಏನೋ ಇತ್ತು. ಮಗಳೇ, ನಿನಗೆ ಗೊತ್ತಿದೆ. ಯಾಕೆ ಹೇಳ್ತಿಲ್ಲ?"

"ಹೇಳಿದರೆ ನಿನ್ನ ಉಸಿರು ನಿಂತುಹೋಗುತ್ತೆ ಅಪ್ಪಾ."

ಮುದುಕ ದಡದ ಕಲ್ಲುಗಳನ್ನು ನೋಡಿದ. "ಅಯ್ಯೋ ಹುಚ್ಚಿ, ಎಂಬತ್ತು ವರ್ಷದ ಈ ಉಸಿರಿಗಾಗಿ ಇಷ್ಟು ಜನರ ಬಾಳು ಕೊಟ್ಟೆಯಾ? ಹೇಳು. ಗಟ್ಟಿಯಾಗಿ ಹೇಳು, ನನಗೂ ಕೇಳಿಸಲಿ."

ಅಸ್ದಿಸ್ ಅಳುತ್ತಲೇ ಹೇಳಿದಳು: "ಬಲೆ ಎಳೆದವರದೇ ಮೀನು. ಬೇಕಾದವರಿಗೆ ಮಾರಲಿ."

"ಹಾಂ, ಇದೇ" ಎಂದ ಮುದುಕ. ಹಾಗೇ ಬಂಡೆಗೆ ಒರಗಿದ.

ಅಂಗಡಿ ಉಪ್ಪಾಗಿ ಕರಗಿತು, ಮಾಯಾವಿಯೂ ಕರಗಿದ. ಕಲ್ಲುಗಳು ಮನುಷ್ಯರಾದವು. ಹಾಲ್ವರ್ ಓಡಿ ಬಂದಾಗ ಅಸ್ದಿಸ್ ಅಪ್ಪನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ಆಮೇಲೆ ದ್ವೀಪದವರು ಬೇಕಾದವರಿಗೆ ಮೀನು ಮಾರಿ, ಉಂಡು ಉಟ್ಟು ಸುಖವಾಗಿದ್ದರು. ಕರಿಬಂಡೆಯ ಮೇಲೆ ಕಟ್ಟಳೆ ಹೇಳುವ ಕೆಲಸ ಅಸ್ದಿಸ್‌ಗೆ ಬಂತು. ಎಲ್ಲವನ್ನೂ ತಪ್ಪಿಲ್ಲದೆ ಹೇಳುತ್ತಿದ್ದಳು. ಆ ಒಂದು ಮಾತು ಬಂದಾಗ ಮಾತ್ರ ಅವಳು ನಿಲ್ಲಿಸಿ, ಅಪ್ಪ ಒರಗಿದ್ದ ಕಡೆ ನೋಡುತ್ತಿದ್ದಳು. ಆಗ ಬಯಲಿನ ಜನವೆಲ್ಲ ಎದ್ದು ನಿಂತು, ಅವಳ ಬದಲು ತಾವೇ ಅದನ್ನು ಹೇಳುತ್ತಿದ್ದರು.