ಗೆರೆ ಹೊಡೆದ ಹೆಸರುಗಳು

“ಗೆರಿ ಮಾತ್ರ ಹೊಡೀಬ್ಯಾಡ್ರಿ, ಅಯ್ಯನೋರ,” ಅಂದಳು ಪೀರಾಂಬಿ. ಸೊಲ್ಲಾಪುರ ರಸ್ತೆಯ ಪಾದ್ರಿ ಬಂಗಲೆಯಲ್ಲಿ ಕಸ ಹೊಡೆಯುವ ಮುದುಕಿ. ಕಸಬರಿಗೆ ಎದೆಗವಚಿಕೊಂಡು ಬಾಗಿಲಾಚೆಗೇ ನಿಂತಿದ್ದಳು. “ನಿಮಗಿಂತ ಮೊದಲ ಬಂದ ಬಬಲೇಶ್ವರದ ಕಾರಕೂನ ನಾಕ ಗೆರಿ ಹೊಡದ. ಈಗ ಅವನ ಮನ್ಯಾಗ ಯಾರ ಹೆಸರೂ ಯಾರಿಗೂ ನೆನಪಿಲ್ಲರಿ.”

ಪಾದ್ರಿ ಸ್ಪೇನಿನಿಂದ ತಂದಿದ್ದ ಹಳೆಯ ಹೆಸರುಗಳ ಪುಸ್ತಕವನ್ನು ನಕಲು ಮಾಡಲು ಬಂದಿದ್ದ ಗುರುಪಾದಯ್ಯ ನಕ್ಕುಬಿಟ್ಟ. “ಮೂವತ್ತ ವರ್ಷ ಕಚೇರ್ಯಾಗ ನಕಲ ತಗದೇನಿ ಬೇ. ಅಸಲದಾಗ ಇದ್ದದ್ದು ನಕಲದಾಗ ಇರಬೇಕು. ಅಲ್ಲಿ ಮಸಿ ಚೆಲ್ಲಿದ್ರ ನಾನೂ ಚೆಲ್ಲಾಂವ.”

ನಕ್ಕನೆಂದರೂ ಆ ನಗೆಯಲ್ಲಿ ಕಸುವಿರಲಿಲ್ಲ. ಹೆಂಡತಿ ಮುರಿಗೆವ್ವ ತೀರಿಕೊಂಡು ಎರಡು ವರ್ಷವಾಗಿತ್ತು. ಖಾಲಿ ಮನೆಯಲ್ಲಿ ಹಗಲು ಕಳೆಯುವುದೇ ಒಂದು ದಣಿವು. ಕಳ್ಳಕವಟಗಿಯಲ್ಲಿ ಮಗಳು ರುದ್ರವ್ವ ಮೂರು ಕೂಸುಗಳನ್ನು ಮಣ್ಣಿಗಿಟ್ಟು ನಾಲ್ಕನೆಯದನ್ನು ಉಳಿಸಿಕೊಂಡಿದ್ದಳು. ಹೆಣ್ಣು ಕೂಸು. ಸೋಮವಾರ ತೊಟ್ಟಿಲಿಗೆ ಹಾಕಿ, ಸತ್ತ ಅಜ್ಜಿಯ ಹೆಸರಿಡುವುದೆಂದು ಮಾತಾಗಿತ್ತು. ಆ ಹೆಸರನ್ನು ಇನ್ನೊಮ್ಮೆ ಬಾಯಿ ತುಂಬ ಕರೆಯಬೇಕು. ಅದೊಂದೇ ಆಸೆಗೆ ಅವನು ಜೀವ ಹಿಡಿದಿದ್ದ.

ಪುಸ್ತಕದ ಕತೆಯನ್ನು ಪಾದ್ರಿ ಅನ್ಸೆಲ್ಮೊ ಸೊಲ್ಲಾಪುರಕ್ಕೆ ಹೊರಡುವ ಮುಂಚೆ ತಾವೇ ಹೇಳಿದ್ದರು. ಇನ್ನೂರು ವರ್ಷದ ಕೆಳಗೆ ಅವರ ಸ್ಪೇನ್ ದೇಶದ ಪಾದ್ರಿಗಳು ಕಡಲಾಚೆ, ಅಮೆರಿಕದ ಗಡಿಯ ಮರುಭೂಮಿಗೆ ಹೋದರು. ಜೊತೆಗೆ ಸಿಪಾಯಿಗಳು. ಗುಡ್ಡದ ಜನರನ್ನು ಹಿಡಿದು ತಂದು ದಪ್ಪ ಮಣ್ಣುಗೋಡೆಯ ಚರ್ಚು ಕಟ್ಟಿಸಿದರು. ತಲೆಗೆ ನೀರು ಹಾಕಿ ಸಂತರ ಹೆಸರಿಟ್ಟು ಈ ಪುಸ್ತಕದಲ್ಲಿ ಬರೆದರು, ಹಳೆಯ ಹೆಸರಿನ ಮೇಲೆ ಗೆರೆ ಎಳೆದರು. ಓಡಿದವರಿಗೆ ಚಾಟಿ, ಉಳಿದವರಿಗೆ ಸಿಡುಬು. ಸಾಯುವ ಮುಂಚೆ ಒಬ್ಬ ಮುದುಕಿ ಆ ಪುಸ್ತಕದ ಮೇಲೆ ಉಗುಳಿ ಮಾಟ ಮಾಡಿದಳು: ಇದರಲ್ಲಿ ಗೆರೆ ಎಳೆದವನ ಮನೆಯ ಹೆಸರು ಅಳಿಯಲಿ, ಗುರುತು ಅಳಿಯಲಿ.

“ಹೊಸ ಹೆಸರು ಮಾತ್ರ ಬರೆಯಿರಿ,” ಅಂದಿದ್ದರು ಪಾದ್ರಿ, ತಮ್ಮ ಪುಸ್ತಕದ ಕನ್ನಡದಲ್ಲಿ. “ಹಳೆಯದು ಬೇಡ. ನಮ್ಮವರು ಪಾಪ ಮಾಡಿದ್ದಾರೆ.”

ಗುರುಪಾದಯ್ಯನ ಕಾರಕೂನಿ ಕೈ ಕೇಳಬೇಕಲ್ಲ! ಅರ್ಧ ನಕಲು ಅವನ ಪಾಲಿಗೆ ನಕಲೇ ಅಲ್ಲ.

ಬಂಗಲೆಯೊಳಗೆ ಬಾದಶಾಹಿ ಕಾಲದ ಕಲ್ಲುಕೋಣೆ. ಯುದ್ಧದ ದಿನಗಳು, ಚಿಮಣಿಗೆ ಎಣ್ಣೆ ಸಿಗದೆ ನಡುಮಧ್ಯಾಹ್ನವೂ ಒಳಗೆ ಕತ್ತಲೆ. ಬಾವಲಿ ಹಿಕ್ಕೆಯ ನಾತ, ಕರಗಿದ ಮೇಣದ ನಾತ. ಪುಸ್ತಕ ಬಿಚ್ಚಿದಾಗ ಅವೆರಡನ್ನೂ ಮೀರಿಸಿ ಹಸಿ ತೊಗಲಿನ ವಾಸನೆ ಎದ್ದಿತು. ಮೊದಲ ಹೆಸರನ್ನು ಅಕ್ಷರ ಅಕ್ಷರ ನೋಡಿ ಬರೆದ. ಅಸಲಿನಲ್ಲಿದ್ದ ಹಾಗೆ ಅದರ ಮೇಲೆ ಗೆರೆ ಹೊಡೆದ.

ಬೆನ್ನ ಹಿಂದೆ ಯಾರೋ ಉಸಿರೆಳೆದುಕೊಂಡರು.

ತಿರುಗಿದರೆ ಯಾರೂ ಇಲ್ಲ. ಇನ್ನೊಂದು ಗೆರೆ. ಇನ್ನೊಂದು ಉಸಿರು. ಮೂರು ದಿನದಲ್ಲಿ ನೂರ ಹನ್ನೆರಡು ಗೆರೆ ಎಳೆದ. ದಣಿದ ಮನುಷ್ಯ ಎಂಥದಕ್ಕೂ ಒಗ್ಗುತ್ತಾನೆ ನೋಡಿ, ಅವನು ಆ ಉಸಿರಿಗೂ ಒಗ್ಗಿಬಿಟ್ಟ. ಮೂರನೆಯ ದಿನ ಸಂಜೆ ಲಿಂಗಪೂಜೆಗೆ ಕೂತಾಗ ಹಡೆದ ತಂದೆಯ ಹೆಸರು ನೆನಪಾಗಲಿಲ್ಲ. ವಯಸ್ಸಾಯಿತು ಅಂದುಕೊಂಡು ಮಲಗಿದ.

ಸೋಮವಾರ ಕಳ್ಳಕವಟಗಿಯ ಪಡಸಾಲೆ ತುಂಬ ಹೆಂಗಸರು. ಲೋಬಾನದ ಹೊಗೆ, ಬೇಯಿಸಿದ ಗುಗ್ಗರಿಯ ಬಿಸಿ ವಾಸನೆ. ಕೂಸು ಅಳುತ್ತಿತ್ತು. ಅದರ ಸೋದರತ್ತೆ ರುಕ್ಮವ್ವ ತೊಟ್ಟಿಲಿಗೆ ಬಾಗಿದಳು. ಕೂಸಿನ ಕಿವಿಯಲ್ಲಿ ಹೆಸರು ಉಸುರಿದ ಕೂಡಲೇ ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಲು ಹೆಂಗಸರು ನಗುತ್ತ ಕೈ ಎತ್ತಿದ್ದರು.

“ಕುರ್ರ್…” ಅಂದವಳು ನಿಂತುಬಿಟ್ಟಳು. “ವೈನೀ, ನಿಮ್ಮವ್ವನ ಹೆಸರ ಏನ?”

ರುದ್ರವ್ವ ನಗುತ್ತಲೇ ಬಾಯಿ ತೆರೆದಳು. ನಗೆ ಅಲ್ಲೇ ಆರಿತು. “ಯಪ್ಪಾ, ಅವ್ವನ ಹೆಸರ ಹೇಳ.”

ಅವನಿಗೆ ಹೆಂಡತಿಯ ಮುಖ ಕಂಡಿತು. ರೊಟ್ಟಿ ಬಡಿಯುವ ಕೈ ಕಂಡಿತು. ಹೆಸರಿರಲಿಲ್ಲ. ಹುಡುಕಿದ. ಇಲ್ಲ. ಹೆಂಗಸರು ಎತ್ತಿದ ಕೈಗಳು ಎತ್ತಿದಂತೆಯೇ ಇದ್ದವು. ಬೆನ್ನ ಹಿಂದೆ ಉಸಿರು. ಬಾಗಿಲಲ್ಲಿ ಉಸಿರು. ಒಂದಲ್ಲ, ನೂರು. ಈಗ ತೊಟ್ಟಿಲಲ್ಲಿ. ಕೂಸು ಒಮ್ಮೆಲೆ ಅಳು ನಿಲ್ಲಿಸಿ ಕಣ್ಣರಳಿಸಿತು.

“ನಾ ಗೆರಿ ಹೊಡದೆವ್ವಾ!” ಅಂದು ಚೀರಿ ಮಗಳ ಕೈ ಹಿಡಿದ. ಅವಳನ್ನು ಹೆಸರು ಹಿಡಿದು ಕರೆಯಹೋದ. ಅದೂ ಇರಲಿಲ್ಲ.

ಅವಳು ಮೆಲ್ಲಗೆ ಕೈ ಬಿಡಿಸಿಕೊಂಡಳು. ತಲೆ ತುಂಬ ಸೆರಗು ಹೊದ್ದಳು. ಕೋಪವಿಲ್ಲ, ಭಯವಿಲ್ಲ. ದಾರಿಹೋಕನ ಮೇಲಿನ ಮರುಕವಷ್ಟೇ.

“ಯಾವೂರವರ್ರಿ, ಅಜ್ಜಾರ? ಭಾಳ ದಣದೀರಿ. ಕುಂದರ್ರಿ, ಗುಗ್ಗರಿ ತಿಂದ ಹೋಗ್ರಿ.”

ಅವನು ಎರಡೂ ಕೈ ಒಡ್ಡಿ ಗುಗ್ಗರಿ ಇಸಿದುಕೊಂಡ.