ಭಾಗ್ಯ ಬಿಟ್ಟ ಬೇರು

"ಕುದಿಸಿ ನೀರು ಚೆಲ್ಲೀರೇನ್ರಿ? ತಲಿ ಐತೇನ್ರಿ ಕಾಕಾ ನಿಮಗ?"

"ಬಾಯಿ ಬಿಗಿ ಹಿಡಿ, ಸುಜಾತಾ!" ಧರ್ಮಣ್ಣ ಗುಡುಗಿದ. "ನಮ್ಮಜ್ಜನ ಕಾಲದಿಂದ ಶತಾವರಿ ಕುದಿಸಿ, ಸಿಪ್ಪಿ ಸುಲಿದು, ಒಣಗಿಸೇ ಇಡತೀವಿ. ಹಸೀದು ಕೊಳೀತದ. ನನ್ನ ಮಗಳು ಕಡೀಕ ಅಗದ ಬೇರದು. ಕೊಳಿಯಾಕ ಬಿಡ್ಲೇನು?"

"ನಮಗ ಬೇಕಾದ್ದು ಆ ನೀರೇ! ಅಂಟೆಲ್ಲಾ ಅದರಾಗ ಹೋತು. ನಾವು ನೀರು ಇಟ್ಕೊಂಡು ಬೇರು ಚೆಲ್ಲತೀವಿ. ನೀವು ಬೇರು ಇಟ್ಟು ನೀರು ಚೆಲ್ಲೀರಿ."

ಧರ್ಮಣ್ಣ ಕುರಿಹಟ್ಟಿಯ ಕಲ್ಲಿನ ಮೇಲೆ ಕುಸಿದು ಕುಳಿತ.

ಅವನ ಮಗಳು ಭಾಗ್ಯ ಜ್ವರದಲ್ಲಿ ಸತ್ತು ತಿಂಗಳಾಗಿತ್ತು. ಅವಳೂ ಸುಜಾತಾಳೂ ಜಹೀರಾಬಾದಿನ ಕಾಲೇಜಿನಲ್ಲಿ ಒಂದೇ ಸಂಶೋಧನೆಯ ಕೆಲಸ ಹಿಡಿದಿದ್ದರು. ಶತಾವರಿ ಬೇರಿನ ಅಂಟಿಗೆ, ಅಂದರೆ ಪಾಲಿಸ್ಯಾಕರೈಡಿಗೆ, ಮೈಯೊಳಗಿನ ಜೀವಕೋಶಗಳು ಸವೆಯುವುದನ್ನು ತಡೆಯುವ ಆಂಟಿಆಕ್ಸಿಡೆಂಟ್ ಶಕ್ತಿ ಇದೆಯೇ ಎಂಬುದನ್ನು ನೋಡಬೇಕಿತ್ತು. ಕೊನೆಯ ಪರೀಕ್ಷೆಯೊಂದೇ ಬಾಕಿ. ಶನಿವಾರದೊಳಗೆ, ಹಿಂದಿನ ಪರೀಕ್ಷೆಗಳಿಗೆ ಭಾಗ್ಯ ಅಗೆದಿದ್ದ ಅದೇ ಗಿಡದ ಹಸಿ ಬೇರು ಸಿಗದಿದ್ದರೆ ಭಾಗ್ಯಳ ಕೆಲಸವನ್ನೂ ಹೆಸರನ್ನೂ ವರದಿಯಿಂದ ತೆಗೆಯುವುದಾಗಿ ಮೇಷ್ಟ್ರು ಸತೀಶಕುಮಾರ ಹೇಳಿಬಿಟ್ಟಿದ್ದರು. ಅಂದು ಗುರುವಾರ.

"ಗಿಡ ಎಲ್ಲದ ಅಂತ ಗೊತ್ತೇನ್ರಿ?"

"ಸಿರ್ಗಾಪುರದ ಆಚಿ ಕಣಿವ್ಯಾಗ. ನಡಿ."

ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ ನಡೆದ ಮುಷ್ಕರ ಜೋರಾಗಿತ್ತು. ಬಸ್ಸಿಲ್ಲ. ಧರ್ಮಣ್ಣ ಹಾರೆ ಹೊತ್ತ. ನಡೆದೇ ಹೊರಟರು. ಮಳೆ ನಿಂತು ವಾರವಾಗಿತ್ತು. ತೊಗರಿ ಹೊಲಗಳು ಸೊಂಟದೆತ್ತರ ಹಸಿರಾಗಿದ್ದವು. ಹೊಲ ಮುಗಿದಲ್ಲಿ ಕೆಂಪು ಕಲ್ಲಿನ ನೆಲ ಇದ್ದಕ್ಕಿದ್ದಂತೆ ಸೀಳಿ ಕಣಿವೆಯಾಗಿತ್ತು. ಅಂಚಿನಲ್ಲಿ ಸೀತಾಫಲದ ಪೊದೆ, ಕೆಳಗೆ ಕೆಸರುಬಣ್ಣದ ಹಳ್ಳ.

ಅರ್ಧ ಇಳಿದಿದ್ದರು. ಸುಜಾತಾಳ ಕಾಲ ಕೆಳಗಿನ ಕಲ್ಲು ಜಾರಿತು.

ಅವಳು ಹಳ್ಳಕ್ಕೆ ಬಿದ್ದಳು. ನೀರು ಎಳೆಯಿತು. ಧರ್ಮಣ್ಣ ಹೆಗಲ ಕಂಬಳಿ ಬೀಸಿ ಎಸೆದ.

"ಹಿಡಿ! ಗಟ್ಟಿ ಹಿಡಿ!"

ಮೊದಲ ಸಲ ತಪ್ಪಿತು. ಎರಡನೇ ಸಲ ಸಿಕ್ಕಿತು. ಮತ್ತಿಮರದ ಬೇರಿಗೆ ಕಾಲು ಕೊಟ್ಟು ಎಳೆದ. ಅಂಗೈ ಸುಲಿದು ರಕ್ತ ಬಂತು.

"ಒಬ್ಬಾಕಿ ಹೋಗ್ಯಾಳ. ನೀನೂ ಹೊಂಟಿದ್ದೇನು?" ಎಂದು ಬೈದ. ಬೈಯುತ್ತಲೇ ಕಂಬಳಿ ಹಿಂಡಿ ಅವಳಿಗೆ ಹೊದಿಸಿದ.

ನೀರು ಕಡಿಮೆಯಿದ್ದಲ್ಲಿ ಹಳ್ಳ ದಾಟಿದರು. ಆಚೆ ದಡದಲ್ಲಿ ಗಿಡ ಸಿಕ್ಕಿತು. ಹಂದಿ ಮುಟ್ಟಬಾರದೆಂದು ಭಾಗ್ಯ ಸುತ್ತ ಕಲ್ಲು ಜೋಡಿಸಿದ್ದಳು. ಹಲವು ಮಕ್ಕಳ ತಾಯಿ ಎನ್ನುತ್ತಾರೆ ಈ ಗಿಡಕ್ಕೆ. ಒಂದು ಬುಡಕ್ಕೆ ಗೊಂಚಲು ಬೇರು. ಅಗೆದವರು ಒಂದನ್ನು ಬುಡದಲ್ಲೇ ಬಿಟ್ಟು, "ನೀ ಇರವ್ವಾ" ಎಂದು ಮಣ್ಣು ಮುಚ್ಚಿ ಬರಬೇಕು. ಬಿಟ್ಟದ್ದನ್ನು ಯಾರೂ ಮುಟ್ಟುವುದಿಲ್ಲ; ಅದನ್ನೂ ಕಿತ್ತರೆ ಗಿಡ ಮತ್ತೆ ಚಿಗುರುವುದಿಲ್ಲ.

ಮಣ್ಣು ಸರಿಸಿದರೆ ಒಂದೇ ಬೇರಿತ್ತು.

"ಭಾಗ್ಯ ಬಿಟ್ಟದ್ದು," ಎಂದ ಧರ್ಮಣ್ಣ. "ನಾನೇ ಕಲಿಸಿದ್ದೆ."

ಸುಜಾತಾ ಹಾರೆ ಕೆಳಗಿಟ್ಟಳು. "ಬ್ಯಾಡ್ರಿ ಕಾಕಾ. ಬಿಡ್ರಿ."

"ಬಿಟ್ರ ಆಕಿ ಹೆಸರು ಹೋಗತದ."

ಧರ್ಮಣ್ಣ ಬರಿಗೈಯಲ್ಲೇ ಬಗೆದ. ಬೇರು ಕಿತ್ತುಬಂದಾಗ ಅವನ ಬಾಯಿಂದ ಸದ್ದೊಂದು ಹೊರಟಿತು. ಸುಜಾತಾ ಮುಖ ತಿರುಗಿಸಿದಳು.

ಒದ್ದೆ ಬಟ್ಟೆಯಲ್ಲಿ ಬೇರು ಸುತ್ತಿ ನಾರಾಯಣಖೇಡದವರೆಗೆ ನಡೆದರು. ಅಲ್ಲಿಂದ ಜಹೀರಾಬಾದಿಗೆ ಟ್ರ್ಯಾಕ್ಟರು. ದಾರಿಯಲ್ಲಿ ಮೂರು ಕಡೆ ಹೋರಾಟದವರು ತಡೆದರು. ಮೂರು ಕಡೆಯೂ ಧರ್ಮಣ್ಣ ಬಟ್ಟೆ ಬಿಚ್ಚಿ ಬೇರು ತೋರಿಸಿ, ಮಗಳ ಕೆಲಸ ಎಂದ. ಬಿಟ್ಟರು. ಒಬ್ಬ ನೀರು ಕೊಟ್ಟ.

ಶನಿವಾರ ಮಧ್ಯಾಹ್ನ ಸುಜಾತಾ ಬೇರಿನ ಅಂಟನ್ನು ನೇರಳೆ ಬಣ್ಣದ ದ್ರಾವಣಕ್ಕೆ ಬಿಟ್ಟಳು. ಅರ್ಧ ತಾಸಿನಲ್ಲಿ ನೇರಳೆ ಕರಗಿ ಹಳದಿಯಾಯಿತು.

"ಆಂಟಿಆಕ್ಸಿಡೆಂಟ್ ಶಕ್ತಿ ಅದರಿ ಕಾಕಾ! ಭಾಗ್ಯ ಹೇಳಿದ್ದು ಖರೇ ಆತು!"

ವರದಿಯಲ್ಲಿ ಭಾಗ್ಯಳ ಹೆಸರು ಮೊದಲು ಬಂತು. ಧರ್ಮಣ್ಣ ಅಕ್ಷರಗಳ ಮೇಲೆ ಬೆರಳಾಡಿಸಿದ.

ಸತೀಶಕುಮಾರ ಖುಷಿಯಿಂದ ಅವನ ಬೆನ್ನು ತಟ್ಟಿದರು. "ಬಹಳ ಛಲೋ ಆತ್ರಿ. ಬರೋ ವರ್ಷ ಅದೇ ಗಿಡದ್ದು ಇನ್ನೊಂದಿಷ್ಟು ತಂದುಕೊಡ್ರಿ."

"ಗಿಡ ಇಲ್ರಿ ಸಾರ್. ನಾನೇ ಕಿತ್ತೀನಿ."

ಕಂಬಳಿ ಹೆಗಲಿಗೇರಿಸಿ ಹೊರನಡೆದ. ಸುಜಾತಾ ಗೇಟಿನ ತನಕ ಕೂಗುತ್ತ ಓಡಿದಳು. ಅವನು ತಿರುಗಿ ನೋಡಲಿಲ್ಲ. ಆ ಕಾಲೇಜಿಗೆ ಮತ್ತೆಂದೂ ಬರಲಿಲ್ಲ.